ಬೂಮರಾಂಗಿನ ಬೆಲೆ ಯಾರ ಕೈ ಸೇರಿತು?

(ಶಿಕ್ಷಕರ ಕೂಟವೊಂದರಲ್ಲಿ ಮಾಡಿದ ಭಾಷಣ)



ಆಸ್ಟ್ರೇಲಿಯದ ಮೂಲನಿವಾಸಿಗಳ ವ್ಯಾಪಾರದ ವಿಷಯವಾಗಿ ನಾವು ಈ ಊರಿನಲ್ಲಿ ನಿಂತು ಮಾತಾಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಮಗನನ್ನೋ ಮಗಳನ್ನೋ ಮೆಲ್ಬೋರ್ನಿಗೆ, ಸಿಡ್ನಿಗೆ ಕಳುಹಿಸಿದವರು ಈ ಸಭೆಯಲ್ಲಿಯೇ ಒಬ್ಬಿಬ್ಬರಲ್ಲ. ಮೊಮ್ಮಗುವಿನ ಮುಖ ನೋಡಲು ಹೋದವರು ಮರಳುವಾಗ ಆಪ್ತರಿಗೆಂದು ಒಂದೊಂದು ಬೂಮರಾಂಗನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬರುವುದುಂಟು. ಅಂಥದೊಂದು ನಮ್ಮ ಮನೆಯ ಗೋಡೆಯ ಮೇಲೂ ಬಹು ದಿವಸ ತೂಗುತ್ತಿತ್ತು. ಚುಕ್ಕೆಗಳಿಂದ ಬರೆದ ಹಲ್ಲಿ, ಕೆಮ್ಮಣ್ಣಿನ ಬಣ್ಣ. ನೋಡಲು ಚೆಲುವಾಗಿಯೇ ಇತ್ತು. ಒಂದು ದಿನ ಧೂಳು ಒರೆಸುವಾಗ ಹಿಂಬದಿಯನ್ನು ತಿರುಗಿಸಿ ನೋಡಿದೆವು. ‘ಮೂಲನಿವಾಸಿಗಳ ಕಲೆ’ ಎಂದು ಅಚ್ಚಾಗಿತ್ತು. ಯಾವ ಮೂಲನಿವಾಸಿ? ಯಾವ ಊರಿನವನು? ಹೆಸರಿರಲಿಲ್ಲ. ಸಹಿಯಿಲ್ಲದ ಕಾಗದವನ್ನು ಕಂಡರೆ ವಕೀಲನಾದವನಿಗೆ ಸಂಶಯ ಹುಟ್ಟುವುದು ಸಹಜವಷ್ಟೆ.

ಸಂಶಯವು ನಿರಾಧಾರವಾಗಿರಲಿಲ್ಲ. ಬಿರುಬಿ ಆರ್ಟ್ ಎಂಬ ಸಗಟು ವ್ಯಾಪಾರದ ಕಂಪನಿಯೊಂದು 2015ರ ಜುಲೈಯಿಂದ 2017ರ ನವಂಬರದ ವರೆಗೆ ಬೂಮರಾಂಗು, ಡಿಜರಿಡೂ ಎಂಬ ಊದುವಾದ್ಯ ಮೊದಲಾದ 18,000ಕ್ಕೂ ಹೆಚ್ಚು ಸಾಮಾನುಗಳನ್ನು ಅಂಗಡಿಗಳಿಗೆ ಮಾರಿತ್ತು. ಅವೆಲ್ಲ ಮೂಲನಿವಾಸಿಗಳು ಕೈಯಾರೆ ಬಣ್ಣ ಹಾಕಿದವೆಂಬ ಭಾವನೆ ಬರುವಂತೆ ಚೀಟಿ ಅಂಟಿಸಿತ್ತು. ವಸ್ತುಗಳು ತಯಾರಾದದ್ದು ಇಂಡೋನೇಷ್ಯದಲ್ಲಿ. ಅಲ್ಲಿಯ ಬಡ ಬಡಗಿಯ ಮೇಲೆ ನಮಗೆ ಯಾವ ಸಿಟ್ಟೂ ಇಲ್ಲ. ಅವನು ತನ್ನ ಹೊಟ್ಟೆಪಾಡಿಗೆ ದುಡಿದನು. ತಪ್ಪಿದ್ದುದು ಚೀಟಿಯಲ್ಲಿ. ಫೆಡರಲ್ ಕೋರ್ಟು 2018ರಲ್ಲಿ ಇದನ್ನು ಗಿರಾಕಿಯ ಕಣ್ಣಿಗೆ ಮಣ್ಣೆರಚುವ ವ್ಯವಹಾರವೆಂದು ಕಂಡು, 2019ರಲ್ಲಿ 23 ಲಕ್ಷ ಡಾಲರು ದಂಡ ವಿಧಿಸಿತು. ಆದರೆ ಅಷ್ಟರಲ್ಲಿ ಕಂಪನಿ ಬಾಗಿಲು ಮುಚ್ಚಿ ದಿವಾಳಿಗೆ ಇಳಿದಿತ್ತು! ಆ ದೇಶದ ಸರಕಾರಕ್ಕೆ ಸಲಹೆ ಕೊಡುವ ಉತ್ಪಾದಕತಾ ಆಯೋಗವು 2022ರ ವರದಿಯಲ್ಲಿ ಮೂಲನಿವಾಸಿ ಮಾದರಿಯ ಸ್ಮರಣಿಕೆಗಳಲ್ಲಿ ಮೂರರಲ್ಲಿ ಎರಡು ಪಾಲಿನಿಂದ ನಾಲ್ಕರಲ್ಲಿ ಮೂರು ಪಾಲಿನ ವರೆಗೆ ಖೋಟಾ ಎಂದು ಅಂದಾಜು ಮಾಡಿದೆ.

‘ಒಂದು ಮರದ ತುಂಡಿನ ಸಲುವಾಗಿ ಇಷ್ಟು ಗದ್ದಲವೇ?’ ಎಂದು ಕೇಳುವವರಿದ್ದಾರೆ. ಅವರು ಒಂದು ಸಂಗತಿಯನ್ನು ತಿಳಿಯಬೇಕು. ಆ ಜನಗಳಲ್ಲಿ ಎಷ್ಟೋ ಚಿತ್ರಗಳು ಬರಿಯ ಅಲಂಕಾರಗಳಲ್ಲ. ಇಂಥ ಕುಲಕ್ಕೆ ಇಂಥ ನೆಲ, ಇಂಥ ನೀರಿನ ಸೆಲೆ ಸೇರಿದ್ದೆಂದು ಹೇಳುವ ಹಕ್ಕುಪತ್ರಗಳು ಅವು. ಯಾವ ಚಿತ್ರವನ್ನು ಯಾರು ಬರೆಯಬಹುದೆಂಬುದಕ್ಕೆ ಅವರಲ್ಲಿ ಕಟ್ಟುನಿಟ್ಟಾದ ಶಾಸನವುಂಟು. ಚಿತ್ರದ ದುರುಪಯೋಗವಾದರೆ, ತನಗೆ ಗೊತ್ತಿಲ್ಲದೆ ಆದರೂ ಸಹ, ಬರೆದವನೇ ತನ್ನವರಿಗೆ ಜವಾಬುದಾರನು.

ಆರ್ನೆಮ್ ಲ್ಯಾಂಡಿನ ಡೇವಿಡ್ ಮಲಂಗಿಯವರು ಮರದ ತೊಗಟೆಯ ಮೇಲೆ ಬರೆದ, ಕುಲದ ಮೂಲಪುರುಷನ ಉತ್ತರಕ್ರಿಯೆಯ ಚಿತ್ರವು 1966ರಲ್ಲಿ ಒಂದು ಡಾಲರಿನ ನೋಟಿನ ಮೇಲೆಯೇ ಅಚ್ಚಾಯಿತು. ಅವರನ್ನು ಒಂದು ಮಾತು ಕೇಳಿದವರಿಲ್ಲ. ಗುಟ್ಟು ಹೊರಬಿದ್ದ ಮೇಲೆ ರಿಸರ್ವ್ ಬ್ಯಾಂಕು ಸಾವಿರ ಡಾಲರು, ಒಂದು ಪದಕ, ಮೀನು ಹಿಡಿಯುವ ಸಲಕರಣೆಗಳು, ಇಷ್ಟನ್ನು ಕೊಟ್ಟು ಕೈತೊಳೆದುಕೊಂಡಿತು. ಮುಂದೆ ಎಂಟು ಜನ ಚಿತ್ರಗಾರರ ಕೃತಿಗಳನ್ನು ವಿಯೆಟ್ನಾಮಿನಲ್ಲಿ ಜಮಖಾನೆಗಳ ಮೇಲೆ ನೇಯಿಸಿ ತಂದ ವ್ಯಾಪಾರಿಗಳು, ಪ್ರತಿಯೊಂದರ ಮಾರಾಟದಿಂದ ಚಿತ್ರಗಾರರಿಗೆ ಗೌರವಧನ ಸಲ್ಲುವುದೆಂದು ಚೀಟಿಯಲ್ಲಿ ಅಚ್ಚು ಹಾಕಿಸಿದ್ದರು. ಪೂಜ್ಯವಾದ ಚಿತ್ರವನ್ನು ಜನರು ಕಾಲಿನಿಂದ ತುಳಿಯುವಂತಾಯಿತು! 1994ರಲ್ಲಿ ಕೋರ್ಟು ಚಿತ್ರಗಾರರ ಪಕ್ಷದಲ್ಲಿ ತೀರ್ಪಿತ್ತು, ಅವರಿಗೆ ಸ್ವಜನರಲ್ಲಿ ಆದ ಅಪಮಾನವನ್ನೂ ಎಣಿಕೆಗೆ ಹಿಡಿದು ಸುಮಾರು 1,88,000 ಡಾಲರು ಪರಿಹಾರ ವಿಧಿಸಿತು. ಅಲ್ಲಿಯೂ ಕಂಪನಿ ಮುಳುಗಿತು, ಹಣ ಕೈಸೇರಲಿಲ್ಲ. ಡಿಕ್ರಿ ಪಡೆಯುವುದು ಒಂದು, ವಸೂಲು ಮಾಡುವುದು ಇನ್ನೊಂದು ಎಂಬುದನ್ನು ಕೋರ್ಟಿನ ಮೆಟ್ಟಿಲು ಹತ್ತಿದ ಯಾವ ಒಕ್ಕಲಿಗನೂ ಬಲ್ಲನು. ಕಾಯದೆಯು ನಷ್ಟವಾದ ಮೇಲೆ ಬರುತ್ತದೆ. ಅದಕ್ಕಿಂತ ಮುಂಚಿತವಾಗಿ ಅಂಗಡಿಯ ಮುಂದೆ ನಿಲ್ಲುವವನು ಗಿರಾಕಿಯೇ.

ಗಿರಾಕಿಯ ಹಣ ಸರಿಯಾದ ಕೈ ಸೇರಿದರೆ ಏನಾಗುತ್ತದೆಂಬುದಕ್ಕೂ ಸಾಕ್ಷಿಯುಂಟು. ಪಶ್ಚಿಮ ಮರುಭೂಮಿಯ ಚಿತ್ರಗಾರರು 1972ರಲ್ಲಿ ‘ಪಪುನ್ಯ ತುಲ’ ಎಂಬ ಕಂಪನಿಯನ್ನು ಕಟ್ಟಿದರು. ಅದರ ಒಡೆತನವೆಲ್ಲ ಮೂಲನಿವಾಸಿಗಳದೇ. ಆ ಸೀಮೆಯಲ್ಲಿ ಮೂತ್ರಪಿಂಡದ ರೋಗ ಬಹಳ. ರೋಗಿಗಳು ಡಯಾಲಿಸಿಸ್ ಚಿಕಿತ್ಸೆಗಾಗಿ ಕಿಂಟೋರ್ ಮೊದಲಾದ ಹಳ್ಳಿಗಳನ್ನು ಬಿಟ್ಟು ಸುಮಾರು 500 ಕಿಲೋಮೀಟರ್ ದೂರದ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ಬೀಡುಬಿಡಬೇಕಾಗಿತ್ತು. ವಾರದಲ್ಲಿ ಹಲವು ದಿನ ಯಂತ್ರಕ್ಕೆ ಅಂಟಿಕೊಂಡಿರಬೇಕಾದ್ದರಿಂದ ಊರಿಗೆ ಮರಳುವಂತಿರಲಿಲ್ಲ. ಮುದುಕರು ಪರಸ್ಥಳದಲ್ಲಿಯೇ ಸಾಯುತ್ತಿದ್ದರು. ಮಕ್ಕಳಿಗೆ ಕಥೆಯನ್ನೂ ನೆಲದ ವಿದ್ಯೆಯನ್ನೂ ಹೇಳಿಕೊಡುವವರು ಊರಲ್ಲಿ ಉಳಿಯಲಿಲ್ಲ. ಆಗ ಅಲ್ಲಿಯ ಗಂಡಸರೂ ಹೆಂಗಸರೂ ಕೂಡಿ ದೊಡ್ಡ ಚಿತ್ರಗಳನ್ನು ಬರೆದರು. 2000ದಲ್ಲಿ ಸಿಡ್ನಿಯಲ್ಲಿ ನಡೆದ ಲಿಲಾವಿನಿಂದ ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಹಣ ಕೂಡಿತು. 2004ರಲ್ಲಿ ಡಯಾಲಿಸಿಸ್ ಯಂತ್ರ ಕಿಂಟೋರಿಗೇ ಬಂದಿತು. ಯಾರ ಮುಂದೆಯೂ ಕೈಯೊಡ್ಡದೆ, ತಮ್ಮ ಕುಂಚದ ದುಡಿಮೆಯಿಂದ ಆ ಜನ ತಮ್ಮ ಹಿರಿಯರನ್ನು ಮನೆಗೆ ಕರೆತಂದರು.

ಆದ್ದರಿಂದ ಚಿತ್ರ ಅವರದೋ ಎಂದು ಕೇಳಿದರೆ ಸಾಲದು. ಅಂಗಡಿ ಯಾರದು ಎಂದೂ ಕೇಳಬೇಕು. ಇದಕ್ಕೆ ಆ ದೇಶದಲ್ಲಿ ಅನುಕೂಲಗಳಿವೆ. 2009ರಲ್ಲಿ ಆರಂಭವಾದ, ಈಗ ಸಪ್ಲೈ ನೇಷನ್ ಎಂದು ಹೆಸರಾದ ಸಂಸ್ಥೆಯು ಮೂಲನಿವಾಸಿಗಳ ಉದ್ಯಮಗಳ ಪಟ್ಟಿಯನ್ನು ಇಟ್ಟಿದೆ. ಅದರ ಪ್ರಮಾಣಪತ್ರ ಬೇಕಾದರೆ ಒಡೆತನದಲ್ಲಿ ನೂರಕ್ಕೆ 51ರಷ್ಟಾದರೂ ಅವರದಿರಬೇಕು, ಆಡಳಿತವೂ ಅವರ ಕೈಯಲ್ಲಿರಬೇಕು. ಹೆಸರಿಗೊಬ್ಬ ಮೂಲನಿವಾಸಿಯನ್ನು ಪಾಲುದಾರನೆಂದು ಮುಂದೆ ಕೂರಿಸಿ ಲಾಭವನ್ನು ಹಿಂದಿನವರು ನುಂಗುವ ಬೇನಾಮಿ ವ್ಯವಹಾರವೂ ಅಲ್ಲಿ ಉಂಟು. ಬೇನಾಮಿಯ ಅರ್ಥವನ್ನು ಈ ಸಭೆಗೆ ಬಿಡಿಸಿ ಹೇಳಬೇಕಾದುದಿಲ್ಲ. ಇನ್ನು ಬಣ್ಣದ ಕೂಲಿಗೂ ಕಾಲುಮುರಿಯಂಥ ಬೆಲೆ ಕೊಡುವ ಶಕ್ತಿ ಶಿಕ್ಷಕನಿಗೆಲ್ಲಿದೆ ಎಂಬ ಆಕ್ಷೇಪ ಬರಬಹುದು. ದೊಡ್ಡ ಚಿತ್ರವೇ ಆಗಬೇಕೆಂದಿಲ್ಲ. ಚಿತ್ರಗಾರನ ಹೆಸರು ಕಾಣಿಸಿ, ಅವನ ಅನುಮತಿಯಿಂದ ಅಚ್ಚುಹಾಕಿದ ಕಾಗದದ ಕಾರ್ಡು, ಕೈವಸ್ತ್ರಗಳೂ ಸಿಕ್ಕುತ್ತವೆ.

ಈ ಮೋಸ ನಮಗೂ ಅಪರಿಚಿತವಲ್ಲ. ಖಾದಿಯ ಕಾಲದಲ್ಲಿ ಗಿರಣಿಗಳು ಒರಟು ಬಟ್ಟೆ ನೇಯ್ದು ಖಾದಿಯೆಂದು ಮಾರಿದವು. 1925ರಲ್ಲಿ ಹುಟ್ಟಿದ ಅಖಿಲ ಭಾರತ ಚರಕಾ ಸಂಘವು ಅಂಗಡಿಗಳಿಗೆ ಪ್ರಮಾಣಪತ್ರ ಕೊಡಬೇಕಾಗಿ ಬಂದದ್ದು ನೂಲಿದವಳ ಕೂಲಿ ನೂಲಿದವಳಿಗೇ ಮುಟ್ಟಲೆಂದು.

ಬರುವ ತಿಂಗಳು ನಮ್ಮ ಸ್ನೇಹಿತರೊಬ್ಬರು ಮಗಳ ಬಾಣಂತಿತನಕ್ಕೆ ಮೆಲ್ಬೋರ್ನಿಗೆ ಹೊರಟಿದ್ದಾರೆ. ಅವರಿಗೊಂದು ಚೀಟಿ ಬರೆದುಕೊಟ್ಟಿದ್ದೇವೆ: ಬರೆದವರ ಹೆಸರೇನು? ಅವರು ಯಾವ ಸೀಮೆಯವರು? ಅವರಿಗೆ ಹಣ ಸಲ್ಲುವುದು ಹೇಗೆ? ಅಂಗಡಿಯವನು ಉತ್ತರ ಕೊಡಲು ತಡವರಿಸಿದರೆ ನಮಗೆ ಏನನ್ನೂ ತರಬೇಡಿರೆಂದು ಕೆಳಗೆ ಸಹಿ ಮಾಡಿದ್ದೇವೆ.