ಮೋಡದ ದಿನದ ಸೌರವಿದ್ಯುತ್ತು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯವರಿಗೆ ಬಿಸಿಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಪೈರನ್ನು ಒಣಗಿಸುತ್ತಿದ್ದ ಆ ಬಿಸಿಲೇ ಈಗ ಪಾವಗಡದಲ್ಲಿ ಬೆಳೆಯಾಗಿದೆ. ತಿರುಮಣಿಯ ಸುತ್ತ 2018ರಲ್ಲಿ ಆರಂಭವಾದ 2,050 ಮೆಗಾವಾಟ್ ಯೋಜನೆಯ ಸೌರ ಉದ್ಯಾನಕ್ಕೆ ಐದು ಗ್ರಾಮಗಳ ರೈತರು ಸುಮಾರು 13,000 ಎಕರೆ ಭೂಮಿಯನ್ನು ಮಾರದೆ ಗುತ್ತಿಗೆಗೆ ಕೊಟ್ಟರು.

ನಮ್ಮ ಮನೆಯ ತಾರಸಿಯ ಮಾತೇನು? ಆಷಾಢದ ಮೋಡ ಕವಿದರೆ ಹಾಕಿದ ಹಣ ವ್ಯರ್ಥವಲ್ಲವೇ ಎಂದು ಕೇಳುವವರುಂಟು. ವ್ಯರ್ಥವಲ್ಲ. ಫಲಕಕ್ಕೆ ಬೇಕಾದುದು ಕಾವಲ್ಲ, ಬೆಳಕು. ಕಾವು ಹೆಚ್ಚಿದರೆ ಅದರ ಕಸುವು ಕೊಂಚ ಕುಗ್ಗುವುದೂ ಉಂಟು. ಮೋಡದಿಂದ ಸೋಸಿ ಬಂದ ಬೆಳಕಿನಲ್ಲಿಯೂ ವಿದ್ಯುತ್ತು ಹುಟ್ಟುತ್ತದೆ. ದಟ್ಟ ಮೋಡವಾದರೆ ಕಾಲು ಪಾಲಿಗೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ, ಅಷ್ಟೆ. ಜರ್ಮನಿಯಂಥ ಮೋಡದ ನಾಡಿನಲ್ಲಿಯೂ ಲಕ್ಷಾಂತರ ಮನೆಗಳ ಮೇಲೆ ಫಲಕಗಳಿವೆ.

ಆದ್ದರಿಂದ ಲೆಕ್ಕವನ್ನು ದಿನಕ್ಕಲ್ಲ, ವರ್ಷಕ್ಕೆ ಹಾಕಬೇಕು. ನಮ್ಮಲ್ಲಿ ಒಂದು ಕಿಲೋವಾಟಿನ ಫಲಕದಿಂದ ದಿನಕ್ಕೆ ಸರಾಸರಿ ಸುಮಾರು 4 ಯೂನಿಟ್ ದೊರೆಯುತ್ತದೆ. ಮಿಕ್ಕಿದ್ದು ಊರಿನ ತಂತಿಗೆ ಸೇರುತ್ತದೆ. ಕೊರತೆಯ ದಿನ ಅದೇ ತಂತಿಯಿಂದ ಪಡೆಯಬಹುದು.

ಒಂದೇ ಎಚ್ಚರಿಕೆ. ಬ್ಯಾಟರಿಯಿಲ್ಲದೆ ಊರಿನ ತಂತಿಗೆ ಜೋಡಿಸಿದ ಏರ್ಪಾಡು, ಕರೆಂಟು ಹೋದೊಡನೆ ಉರಿಬಿಸಿಲಿನಲ್ಲಿಯೂ ತಾನಾಗಿ ನಿಂತುಬಿಡುತ್ತದೆ. ಕಂಬ ಹತ್ತಿದವನ ಜೀವ ಉಳಿಯಲೆಂದೇ ಹಾಗೆ ಮಾಡಿದ್ದಾರೆ. ಕೊಳ್ಳುವ ಮುನ್ನ ಇದನ್ನು ಕೇಳಿ ತಿಳಿದುಕೊಳ್ಳಿ. ಮೋಡಕ್ಕೆ ಮಾತ್ರ ಅಂಜಬೇಡಿ.