ಮಕ್ಕಳ ಕೈಗೆ ಮಣ್ಣು, ಲೇಖನಿ



ಮಾದಕ ವಸ್ತುಗಳ ಪಿಡುಗನ್ನು ಮಕ್ಕಳಿಗೆ ತಿಳಿಸಬೇಕೆಂದಾಗ ತಲೆಬುರುಡೆಯ ಚಿತ್ರ ಬರೆಯಿಸಿ ಗೋಡೆಗೆ ಅಂಟಿಸುವುದು ವಾಡಿಕೆ. ಬರಿಯ ಹೆದರಿಕೆಯಿಂದ ಫಲವಿಲ್ಲವೆಂಬುದನ್ನು ವಿಶ್ವಸಂಸ್ಥೆಯು 2013ರಲ್ಲಿ ಹೊರತಂದ ಮಾರ್ಗಸೂಚಿಯೂ ಒಪ್ಪುತ್ತದೆ. ಮಕ್ಕಳಿಗೆ ಬೇಕಾದುದು "ಒಲ್ಲೆ" ಎನ್ನುವ ಅಭ್ಯಾಸ.

ನಮ್ಮ ಖಾನಾಪುರವು ಕುಂಬಾರಿಕೆಗೆ ಹೆಸರಾದುದು. ಜ್ಞಾನೋಪದೇಶದ ತರಗತಿಯಲ್ಲಿ ಮಕ್ಕಳಿಗೆ ಹಿಡಿಹಿಡಿ ಜೇಡಿಮಣ್ಣು ಕೊಟ್ಟು ಪುಟ್ಟ ಕುಡಿಕೆಗಳನ್ನು ಮಾಡಿಸಿರಿ. ಕೆಲವನ್ನು ಕುಂಬಾರರ ಆವಿಗೆಯಲ್ಲಿ ಸುಡಿಸಿ, ಕೆಲವನ್ನು ಒಣಗಿಸಿಯಷ್ಟೇ ಇಡಿರಿ. ಬಳಿಕ ಎರಡನ್ನೂ ನೀರಿಗೆ ಹಾಕಿರಿ. ಸುಡದ ಕುಡಿಕೆಯು ಕಣ್ಣೆದುರಿಗೇ ಕರಗುವುದನ್ನು ಕಂಡ ಮಗುವಿಗೆ, ಇನ್ನೂ ಬಲಿಯದ ದೇಹಕ್ಕೆ ಮದ್ಯವೂ ಗುಟ್ಕಾವೂ ಮಾಡುವ ಕೇಡನ್ನು ವಿವರಿಸುವುದು ಕಷ್ಟವಲ್ಲ. ದೊಡ್ಡ ಹುಡುಗನೊಬ್ಬನು ಪೊಟ್ಟಣವನ್ನು ಮುಂದೆ ಹಿಡಿದರೆ ಏನು ಹೇಳುವೆ ಎಂಬ ಸಂಭಾಷಣೆಯನ್ನು ಮಕ್ಕಳೇ ಬರೆದು ಆಡಲಿ.

ಪತ್ರಲೇಖನದಲ್ಲಿ ಮಾತ್ರ ಎಚ್ಚರವಿರಲಿ. ತಂದೆಗೆ ಪತ್ರ ಬರೆಯಿರೆಂದರೆ, ಕುಡುಕನ ಮನೆಯ ಮಗು ಒಳಗಿನದೆಲ್ಲವನ್ನೂ ಬರೆದೀತು. ಅದನ್ನು ತರಗತಿಯಲ್ಲಿ ಓದಿಸುವುದು ಕ್ರೌರ್ಯ. ಲಕೋಟೆಗೆ ಹಾಕಿ ಮಗುವಿನ ಕೈಗೇ ಕೊಡಿರಿ. ತಂದೆಗೆ ಮುಟ್ಟಿಸುವುದೂ ಬಿಡುವುದೂ ಅದರ ಇಚ್ಛೆ. ಮಗುವು ಏಟು ತಿನ್ನುತ್ತಿದೆಯೆಂದು ತಿಳಿದರೆ ಮಾತ್ರ ಶಿಕ್ಷಕರು ಸುಮ್ಮನಿರಲಾಗದು.

ತಂದೆತಾಯಿಗಳಲ್ಲಿ ಒಂದು ಬಿನ್ನಹ. ಇಪ್ಪತ್ತೊಂದು ತುಂಬದವರಿಗೆ ತಂಬಾಕು ಮಾರಬಾರದೆಂದು ನಮ್ಮ ರಾಜ್ಯದಲ್ಲಿ ಕಾಯಿದೆಯೇ ವಿಧಿಸಿದೆ. ಆದರೂ ಅದನ್ನು ತರಲು ಮಗನನ್ನೇ ಅಂಗಡಿಗೆ ಅಟ್ಟುವವರುಂಟು. ಮಕ್ಕಳು ಮಾಡಿದ ಕುಡಿಕೆಗಳನ್ನು ನೋಡಲು ಅವರೂ ತರಗತಿಗೆ ಬರಲಿ.