ಮೂತ್ರಪಿಂಡಗಳ ಕಾರ್ಯ

ಹೃದಯವನ್ನು ಕುರಿತು ಹೇಳುವುದಕ್ಕೆ ಕವಿಗಳಿದ್ದಾರೆ. ಹೊಟ್ಟೆಯನ್ನು ಕುರಿತು ನಮ್ಮ ದಾಸರೇ ಹಾಡಿದ್ದಾರೆ. ಬೆನ್ನೆಲುಬಿನ ಎರಡು ಮಗ್ಗುಲಲ್ಲಿಯೂ ಅವರೆಬೀಜದ ಆಕಾರದಿಂದ ಅಡಗಿ ಕುಳಿತಿರುವ ಮೂತ್ರಪಿಂಡಗಳನ್ನು ವಿಚಾರಿಸಿದವರು ಕಡಮೆ. ಈ ಸಂಜೆ ಅವುಗಳ ವಿಷಯವಾಗಿ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಒಂದೊಂದು ಪಿಂಡವೂ ಮುಷ್ಟಿಯಷ್ಟು ದೊಡ್ಡದು. ಆದರೂ ಹೃದಯವು ಮಿನಿಟಿಗೆ ಹೊರದೂಡುವ ಸುಮಾರು 5 ಲೀಟರ್ ರಕ್ತದಲ್ಲಿ ಐದನೆಯ ಒಂದು ಪಾಲು ಇವೆರಡಕ್ಕೇ ಸಲ್ಲುತ್ತದೆ. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಶೋಧಕಗಳಿವೆ. ಶೋಧಕವೆಂದರೆ ಅತಿ ಸೂಕ್ಷ್ಮವಾದ ರಕ್ತನಾಳಗಳ ಒಂದು ಉಂಡೆ, ಅದನ್ನು ತಬ್ಬಿದ ಬಟ್ಟಲು, ಬಟ್ಟಲಿನಿಂದ ಹೊರಟ ಡೊಂಕಾದ ಕೊಳವೆ. ರಕ್ತದ ಒತ್ತಡದಿಂದ ನೀರು, ಉಪ್ಪು, ಸಕ್ಕರೆ, ಯೂರಿಯಾ ಇವು ಸೋಸಿ ಬಟ್ಟಲಿಗೆ ಇಳಿಯುತ್ತವೆ. ರಕ್ತಕಣಗಳು ಹಿಂದೆ ಉಳಿಯುತ್ತವೆ.

ಹೀಗೆ ಇಳಿಯುವ ದ್ರವವು ದಿನಕ್ಕೆ ಸುಮಾರು 180 ಲೀಟರ್! ನಮ್ಮ ರಕ್ತದ ದ್ರವಭಾಗವಾದರೋ ಸುಮಾರು 3 ಲೀಟರ್ ಮಾತ್ರ. ಸೋಸಿದುದೆಲ್ಲ ಹೊರಗೆ ಹರಿದುಹೋಗುವುದಾಗಿದ್ದರೆ ಅರ್ಧ ಗಂಟೆಯೊಳಗಾಗಿ ನಮ್ಮ ಕಥೆ ಮುಗಿಯುತ್ತಿದ್ದಿತು. ಆದರೆ ಕೊಳವೆಯು ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರನ್ನೂ, ಆರೋಗ್ಯವಂತರಲ್ಲಿ ಸಕ್ಕರೆಯೆಲ್ಲವನ್ನೂ ಮರಳಿ ರಕ್ತಕ್ಕೆ ಒಪ್ಪಿಸುತ್ತದೆ. ಉಳಿದ ಒಂದೂವರೆ ಲೀಟರಿನಷ್ಟೇ ಮೂತ್ರ. ಸೋಸುವ ಕೆಲಸವನ್ನು ಬಟ್ಟೆಯ ಚೂರೂ ಮಾಡೀತು. ಈ ಅಂಗದ ಜಾಣತನವಿರುವುದು ಮರಳಿಸುವುದರಲ್ಲಿಯೇ ಎಂದು ನನಗೆ ತೋರುತ್ತದೆ.

ಇವುಗಳಲ್ಲಿ ಒಂದು ದೋಷವುಂಟು: ಇವು ದೂರು ಹೇಳುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಶಕ್ತಿ ಕುಂದಿದರೂ ಮನುಷ್ಯನಿಗೆ ಏನೂ ತಿಳಿಯದಿರಬಹುದು. ಕಾಲು ಬಾತು, ಹಸಿವು ಅಡಗಿ, ಅವನು ವೈದ್ಯರಲ್ಲಿಗೆ ಬರುವ ವೇಳೆಗೆ ಕಾಲ ಮೀರಿರುತ್ತದೆ. ನಾಶವಾದ ಶೋಧಕವು ಮತ್ತೆ ಹುಟ್ಟುವುದಿಲ್ಲ.

ಹಿಂದೆ ಇಂಥವರಿಗೆ ಗತಿಯೇ ಇರಲಿಲ್ಲ. 1943ರಲ್ಲಿ, ಜರ್ಮನರ ವಶದಲ್ಲಿದ್ದ ಹಾಲೆಂಡಿನ ಕಾಂಪೆನ್ ಪಟ್ಟಣದಲ್ಲಿ, ವಿಲ್ಲೆಂ ಕಾಲ್ಫ್ ಎಂಬ ತರುಣ ವೈದ್ಯರು ಮಾಂಸದ ಅಂಗಡಿಗಳಲ್ಲಿ ಬಳಸುವ ಸೆಲೊಫೇನ್ ಕೊಳವೆಯನ್ನು ಒಂದು ಉರುಳೆಗೆ ಸುತ್ತಿ, ಅದನ್ನು ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿ, ರೋಗಿಯ ರಕ್ತವನ್ನು ಅದರೊಳಗೆ ಹಾಯಿಸಿದರು. ಮೊದಲಿನ ರೋಗಿಗಳಲ್ಲಿ ಬಹುಮಂದಿ ಉಳಿಯಲಿಲ್ಲ. ಅವರು ಬಿಡಲಿಲ್ಲ. 1945ರಲ್ಲಿ, ಪ್ರಜ್ಞೆ ತಪ್ಪಿದ್ದ 67 ವರ್ಷದ ವೃದ್ಧೆಯೊಬ್ಬಳು ಕಣ್ಣು ತೆರೆದಳು. ಇಂದಿನ ಯಂತ್ರಗಳು ಆ ಉರುಳೆಯ ಸಂತತಿಯೇ. ಆದರೂ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ರೋಗಿಯು ಅದರ ಪಕ್ಕದಲ್ಲಿ ಮಲಗಿರಬೇಕು.

ಸಿಹಿಮೂತ್ರವೂ ರಕ್ತದ ಒತ್ತಡವೂ ಈ ಪಿಂಡಗಳ ಮುಖ್ಯ ಶತ್ರುಗಳು. ಇವುಳ್ಳವರು ವರ್ಷಕ್ಕೊಮ್ಮೆಯಾದರೂ, ಮೂತ್ರದಲ್ಲಿ ಆಲ್ಬುಮಿನ್ ಇಳಿಯುತ್ತಿದೆಯೇ, ರಕ್ತದಲ್ಲಿ ಕ್ರಿಯಾಟಿನಿನ್ ಏರಿದೆಯೇ ಎಂದು ಪರೀಕ್ಷೆ ಮಾಡಿಸಬೇಕು. ಅದಕ್ಕೆ ಬೇಕಾದುದು ಒಂದು ಸಣ್ಣ ಶೀಷೆ ಮೂತ್ರ, ಒಂದು ಚಮಚದಷ್ಟು ರಕ್ತ.